ಹಗುರ ಬೇಟೆಕೋವಿಯ ಗುರಿ: ಕೊಡಗು-ಮೈಸೂರು ಸೀಮೆಯ ಒಂದು ಚಾರಿತ್ರಿಕ ಅವಲೋಕನ

ಮಣಿಕೊಂಡಕ್ಕೆ ಸಮೀಪದ ಗೋಲ್ಕೊಂಡ ಕೋಟೆಯ ಚರಿತ್ರೆಯನ್ನು ಬರೆಯುವವರು 1687ರ ಮುತ್ತಿಗೆಯ ತೋಪುಗಳನ್ನು ಮರೆಯುವುದಿಲ್ಲ; ಶ್ರೀರಂಗಪಟ್ಟಣವನ್ನು ಕುರಿತು ಬರೆಯುವವರು ಟಿಪ್ಪುವಿನ ರಾಕೆಟ್ಟುಗಳನ್ನು ಮರೆಯುವುದಿಲ್ಲ. ದಖನಿನ ಆಯುಧಚರಿತ್ರೆ ಬಹುಮಟ್ಟಿಗೆ ಯುದ್ಧದ ಚರಿತ್ರೆಯೇ ಆಗಿದೆ. ಹೆಗಲಿಗೇರಿಸಿ ಕಾಡು ಸುತ್ತುವ ಬೇಟೆಗಾರನ ಹಗುರ ಕೋವಿಗೆ ಅದರಲ್ಲಿ ದೊರೆತ ಸ್ಥಾನ ಕಿರಿದು. ಈ ಕೋವಿಯ ಗುರಿ ಸುಧಾರಿಸಿದ ಬಗೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ. ಕಾರ್ಖಾನೆಯ ಜೊತೆಗೆ ಹವೆ, ಕಾನೂನು ಮತ್ತು ಕೈಕೆಲಸಗಳೂ ಅದನ್ನು ರೂಪಿಸಿದವೆಂಬುದು ನಮ್ಮ ಅಭಿಪ್ರಾಯ.

ಶ್ರೀರಂಗಪಟ್ಟಣದಲ್ಲಿ ತಯಾರಾಗಿ, 1799ರ ಪತನದ ಅನಂತರ ಇಂಗ್ಲೆಂಡಿನ ಸಂಗ್ರಹಗಳನ್ನು ಸೇರಿದ ಚಕಮಕಿ ಕೋವಿಗಳಲ್ಲಿ ಬೇಟೆಗೆಂದು ಮಾಡಿದವೂ ಇವೆ. ಆ ಕಾಲದ ಸಾಮಾನ್ಯ ಕೋವಿಯ ನಳಿಗೆಯ ಒಳಮೈ ನುಣುಪು. ಬಾಯಿಯಿಂದ ತುಂಬಲು ಅನುಕೂಲವಾಗಲೆಂದು ಗುಂಡನ್ನು ತುಸು ಕಿರಿದಾಗಿ ಎರಕ ಹೊಯ್ಯುತ್ತಿದ್ದರು. ಅದು ಒಳಗೋಡೆಗೆ ತಾಗುತ್ತ ಹೊರಬಿದ್ದು ದಿಕ್ಕು ತಪ್ಪುತ್ತಿತ್ತು. ಜಿಡ್ಡು ಸವರಿದ ಬಟ್ಟೆಯನ್ನು ಸುತ್ತಿ ಗುಂಡನ್ನು ಬಿಗಿ ಮಾಡುವುದು, ಮದ್ದನ್ನು ಪ್ರತಿಸಲವೂ ಒಂದೇ ಅಳತೆಯಲ್ಲಿ ಹಾಕುವುದು, ಗಜದಿಂದ ಒಂದೇ ಬಿಗುವಿನಲ್ಲಿ ಜಡಿಯುವುದು ಇದಕ್ಕಿದ್ದ ಪರಿಹಾರಗಳು. ಗುರಿಯು ಈಡು ತುಂಬುವವನ ಶಿಸ್ತನ್ನು ಅವಲಂಬಿಸಿತ್ತು.

ನಳಿಗೆಯೊಳಗೆ ಸುರುಳಿ ಗೀರುಗಳನ್ನು ಕೊರೆದ ರೈಫಲ್, ಗುಂಡನ್ನು ತಿರುಗಿಸಿ ಸ್ಥಿರಗೊಳಿಸಿತು. ಮಧ್ಯಭಾರತದಲ್ಲಿ ಸೇವೆಯಲ್ಲಿದ್ದ ಜೇಮ್ಸ್ ಫೋರ್ಸೈತ್ 1860ರ ದಶಕದಲ್ಲಿ ನಿಧಾನ ತಿರುವಿನ ಸುರುಳಿ, ಹೆಚ್ಚು ಮದ್ದು ಮತ್ತು ದುಂಡು ಗುಂಡನ್ನು ಸಮರ್ಥಿಸಿದನು. ಗುಂಡಿನ ಹಾದಿ ಹೆಚ್ಚು ನೇರವಾದರೆ ದೂರದ ಅಂದಾಜು ತಪ್ಪಿದರೂ ಗುರಿ ಅಷ್ಟಾಗಿ ತಪ್ಪದು. ಆದರೆ ಮದ್ದು ಹೆಚ್ಚಿದಂತೆ ಒದೆತವೂ ಹೆಚ್ಚುತ್ತದೆ. ಹಗುರ ಕೋವಿಯಲ್ಲಿ ಅದು ಇನ್ನೂ ತೀವ್ರ. ಒದೆತಕ್ಕೆ ಅಳುಕುವ ಹೆಗಲು ಗುರಿಯನ್ನು ಕೆಡಿಸುತ್ತದೆ. ಮೈಸೂರಿನಲ್ಲಿ ಆನೆ ಹಿಡಿಯುವ ಕಾರ್ಯದ ಮೇಲ್ವಿಚಾರಕನಾಗಿದ್ದ ಜಿ. ಪಿ. ಸ್ಯಾಂಡರ್ಸನ್ ಆನೆಗೆ ಬಳಸಿದ್ದು 4 ಬೋರಿನ ಭಾರಿ ಕೋವಿ, ಎಂದರೆ ಒಂದು ಪೌಂಡು ಸೀಸಕ್ಕೆ ನಾಲ್ಕೇ ಗುಂಡು. ಕಡವೆ, ಹಂದಿಗಳ ಜಾಡು ಹಿಡಿದು ದಿನವಿಡೀ ನಡೆಯುವವನಿಗೆ ಅಂಥ ತೂಕ ಸಲ್ಲದು. ಆದ್ದರಿಂದ ಗುರಿಯನ್ನು ಬೇರೆ ದಾರಿಯಲ್ಲಿ ಸಾಧಿಸಬೇಕಾಯಿತು.

ಇಲ್ಲಿ ಕಾನೂನಿನ ಪಾತ್ರವೂ ಉಂಟು. ಸೈನ್ಯದ .303 ಬೋರು ಖಾಸಗಿಯವರಿಗೆ ನಿಷಿದ್ಧವಾದುದರಿಂದ .315 ಬೋರಿನ ಬೇಟೆ ರೈಫಲ್ ಬಳಕೆಗೆ ಬಂದಿತು. ಬಂಗಾಳದ ಇಶಾಪುರದ ಕಾರ್ಖಾನೆ ಅದನ್ನು ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ತಯಾರಿಸಿತು. ಇಂಥ ತೆಳು ನಳಿಗೆಯ ರೈಫಲ್ಲಿಗೆ ಮಲೆನಾಡಿನ ಮಳೆಗಾಲವೇ ವೈರಿ. ಮರ ಉಬ್ಬಿ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೆ ಗುಂಡು ಬೀಳುವ ಜಾಗ ಸರಿಯುತ್ತದೆ. ಕಬ್ಬಿಣವು ಮರದಲ್ಲಿ ಅಲುಗದೆ ಕೂರುವಂತೆ ಹೊಂದಿಸುವುದು, ಮರದ ಒಳಮೈಗೂ ಎಣ್ಣೆ ಕುಡಿಸುವುದು, ಟ್ರಿಗರಿನ ಎಳೆತವನ್ನು ನಯಗೊಳಿಸುವುದು ಇದಕ್ಕೆ ಉಪಾಯಗಳು. ಇವು ಮೂರೂ ಕೈಕೆಲಸಗಳೆಂಬುದು ಗಮನಾರ್ಹ.

ಈ ತಿಳಿವಳಿಕೆ ಮನೆಗಳಲ್ಲಿ ಉಳಿಯಲು ಕೊಡಗಿನಲ್ಲಿ ವಿಶೇಷ ಅನುಕೂಲವಿತ್ತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಮುಂದೆ ಜಮ್ಮಾ ಹಿಡುವಳಿದಾರರಿಗೂ ಸಂದ ಈ ರಿಯಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ತಿದ್ದುಪಡಿಗಳಿಂದ ಬೇಟೆ ನಿಂತಿತು, ನಿಂತದ್ದು ಉಚಿತವೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಪೂಜೆ ಸಲ್ಲುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಗುರಿಯ ಪರೀಕ್ಷೆ ನಡೆಯುತ್ತದೆ.

ಆದರೆ ಬೇಟೆಯೊಡನೆ ಬೆಳೆದ ಪದಸಂಪತ್ತಿಗೆ ಅಂಥ ಆಶ್ರಯವಿಲ್ಲ. ಈಡು, ಚರೆ, ಕೇಪು, ಗಜ, ಕುದುರೆ ಮೊದಲಾದ ಮಾತುಗಳು ಒಂದೊಂದು ಕೆಲಸದ ವಿಧಾನವನ್ನೇ ಒಳಗೊಂಡಿವೆ. ವಸ್ತುಸಂಗ್ರಹಾಲಯದ ಪಟ್ಟಿಗಳು ಬೆಳ್ಳಿಯ ಕುಸುರಿಯನ್ನು ವರ್ಣಿಸುತ್ತವೆ. ನಳಿಗೆ ಮರದಲ್ಲಿ ಹೇಗೆ ಕೂತಿದೆಯೆಂದು ಹೇಳುವುದು ವಿರಳ. ಹೊರನಾಡಿನ ಸಂಗ್ರಹಗಳಲ್ಲಿ ಕನ್ನಡ ಸೀಮೆಯ ಕೋವಿಗಳನ್ನು ಪರಿಶೀಲಿಸುವ ಸಂಶೋಧಕರು ಅದನ್ನೂ ದಾಖಲಿಸಬೇಕು. ಕೋವಿ ದುರಸ್ತಿ ಬಲ್ಲ ಹಿರಿಯರ ಮಾತುಗಳನ್ನು ಅವರಿರುವಾಗಲೇ ಸಂಗ್ರಹಿಸಬೇಕು.