ಕಹೊಒಲವೆ ದ್ವೀಪದ ಪ್ರತ್ಯರ್ಪಣ

ಶಾಂತಸಾಗರದ ಮಧ್ಯದಲ್ಲಿರುವ ಹವಾಯಿ ದ್ವೀಪಸ್ತೋಮದ ಎಂಟು ಮುಖ್ಯ ದ್ವೀಪಗಳಲ್ಲಿ ಕಹೊಒಲವೆಯು ಅತ್ಯಂತ ಚಿಕ್ಕದು. ಮೌಯಿ ದ್ವೀಪದ ನೈರುತ್ಯಕ್ಕೆ ಸುಮಾರು 7 ಮೈಲಿ ದೂರದಲ್ಲಿರುವ ಇದರ ಉದ್ದವು 11 ಮೈಲಿ. ವಿಸ್ತೀರ್ಣವು ಸುಮಾರು 45 ಚದರ ಮೈಲಿ. ಮೌಯಿಯ ಉನ್ನತ ಪರ್ವತವು ಮೋಡಗಳನ್ನು ತಡೆಯುವುದರಿಂದ ಇಲ್ಲಿ ಮಳೆಯು ಅಲ್ಪ. ಈ ನೆಲವನ್ನು ಅಮೇರಿಕಾ ಸಂಯುಕ್ತಸಂಸ್ಥಾನದ ಸೇನೆಯು 1941ರಿಂದ 1990ರವರೆಗೆ ಗುರಿಯಭ್ಯಾಸಕ್ಕಾಗಿ ಉಪಯೋಗಿಸಿತು. 1994ರಲ್ಲಿ ಸರಕಾರವು ಇದನ್ನು ಹವಾಯಿ ರಾಜ್ಯಕ್ಕೆ ಹಿಂದಿರುಗಿಸಿತು. ಹಿಂದಿರುಗಿಸುವೆನೆಂದು ಮೊದಲು ಒಪ್ಪಿದುದೇನು, ಕಡೆಗೆ ಹಿಂದಿರುಗಿಸಿದುದೇನು ಎಂಬುದು ಪ್ರಕೃತ ವಿಚಾರಣೀಯವಾದ ಅಂಶ.

ದ್ವೀಪವು ಮೊದಲಿನಿಂದಲೂ ಬರಿಯ ಬಂಜರಾಗಿತ್ತೆಂಬ ಭಾವನೆಯನ್ನು ಮೊದಲು ಪರಿಹರಿಸಬೇಕು. ಇದರ ಪ್ರಾಚೀನ ನಾಮವು ಕನಲೊಅ; ಅದು ಹವಾಯಿ ಜನರ ಸಮುದ್ರದೇವತೆಯ ಹೆಸರು. ಕಹೊಒಲವೆ ಎಂಬ ಈಗಿನ ಹೆಸರಿಗೆ ಪ್ರವಾಹವು ಕೊಂಡೊಯ್ಯುವಿಕೆ ಎಂದು ಅರ್ಥ ಹೇಳುವರು. ಪಶ್ಚಿಮದ ಭೂಶಿರಕ್ಕೂ ಅದರ ಮುಂದಣ ಕಡಲಿಗೂ ಕೆಅಲಾಯಿಕಹಿಕಿ, ಎಂದರೆ ಕಹಿಕಿಗೆ ಹೋಗುವ ದಾರಿ, ಎಂಬ ಹೆಸರುಂಟು. ಕಹಿಕಿಯೆಂಬುದು ಪೂರ್ವಿಕರು ಬಂದ ದಕ್ಷಿಣದ ದೂರದೇಶ. ನಕ್ಷತ್ರಗಳನ್ನು ನೋಡಿ ದೋಣಿ ನಡೆಯಿಸುತ್ತಿದ್ದವರಿಗೆ ಈ ತೀರವು ಪ್ರಯಾಣದ ಆರಂಭಸ್ಥಾನವಾಗಿತ್ತೆಂಬುದನ್ನು ಸ್ಥಳನಾಮವೇ ಸಾರುತ್ತದೆ. ದ್ವೀಪದ ಮಧ್ಯದಲ್ಲಿ ಕಲ್ಲಿನ ಬಾಚಿಗಳನ್ನು ಮಾಡುತ್ತಿದ್ದ ವಿಶಾಲವಾದ ಕಲ್ಲುಗಣಿಯಿದೆ. ಕರಾವಳಿಯಲ್ಲಿ ಮೀನುಗಾರರ ಗುಡಿಗಳೂ ವಸತಿಯ ಕುರುಹುಗಳೂ ಇವೆ. 1976ರಿಂದ 1980ರವರೆಗೆ ನಡೆದ ಶೋಧನೆಯಲ್ಲಿ 500ಕ್ಕೂ ಹೆಚ್ಚು ಪ್ರಾಚೀನ ನೆಲೆಗಳು ಗೊತ್ತಾದುವು.

ನೆಲವು ಕೆಟ್ಟುದಕ್ಕೆ ಗುಂಡುಗಳೊಂದೇ ಕಾರಣವಲ್ಲ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ದ್ವೀಪವು ಅಪರಾಧಿಗಳನ್ನು ಗಡೀಪಾರು ಮಾಡುವ ಸ್ಥಳವಾಗಿತ್ತು. ಬಳಿಕ 1858ರಿಂದ ಇದನ್ನು ಪಶುಪಾಲನೆಗೆ ಗೇಣಿಗೆ ಕೊಡಲಾಯಿತು. ಆಡು, ಕುರಿ, ದನಗಳು ಹಸುರನ್ನು ಬೋಳಿಸಿದುವು. ಬೋಳಾದ ನೆಲದ ಮೇಲ್ಮಣ್ಣನ್ನು ಗಾಳಿಯೂ ಮಳೆಯೂ ಕಡಲಿಗೆ ಸಾಗಿಸಿದುವು. 1941ರಲ್ಲಿ ಗೇಣಿದಾರರು ದ್ವೀಪದ ಒಂದು ಭಾಗವನ್ನು ವರ್ಷಕ್ಕೆ 1 ಡಾಲರಿನಂತೆ ಸೇನೆಗೆ ಒಳಗೇಣಿ ಕೊಟ್ಟರು. ಅದೇ ವರ್ಷ ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ದಾಳಿಯಾಗಲು, ಸೈನಿಕಶಾಸನದ ಬಲದಿಂದ ಇಡೀ ದ್ವೀಪವು ಸೇನೆಯ ಕೈಸೇರಿತು. ಯುದ್ಧವು 1945ರಲ್ಲಿ ಮುಗಿದರೂ ಗುರಿಯಭ್ಯಾಸವು ನಿಲ್ಲಲಿಲ್ಲ.

1953ರ ಫೆಬ್ರವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರನು ಹೊರಡಿಸಿದ ಆಜ್ಞಾಪತ್ರವು ದ್ವೀಪವನ್ನು ನೌಕಾಖಾತೆಯ ವಶಕ್ಕೆ ಕ್ರಮವಾಗಿ ಒಪ್ಪಿಸಿತು. ಅದರಲ್ಲಿಯೇ ಒಂದು ನಿಬಂಧನೆಯಿತ್ತು. ದ್ವೀಪದ ಅಗತ್ಯವು ತೀರಿದಮೇಲೆ, ಹವಾಯಿ ಪ್ರಾಂತದವರು ಯುಕ್ತವಾದ ರೀತಿಯಲ್ಲಿ ಕೇಳಿಕೊಂಡರೆ, ಅವರಿಗೆ ಖರ್ಚಿಲ್ಲದಂತೆ, ಆ ನೆಲವನ್ನು ಮನುಷ್ಯವಾಸಕ್ಕೆ ಯುಕ್ತಮಟ್ಟಿಗೆ ನಿರಪಾಯವಾಗಿ ಮಾಡತಕ್ಕದ್ದೆಂದು ಅದರ ತಾತ್ಪರ್ಯ. ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಬಾಧ್ಯತೆಯು ಫಲದಿಂದ ಅಳೆಯಲ್ಪಟ್ಟಿದೆ. ಮನುಷ್ಯನು ವಾಸಿಸುವಂತಾಗಬೇಕೆಂಬುದೇ ಆ ಫಲ. ಇಷ್ಟು ಹಣ, ಇಷ್ಟು ವರ್ಷ ಎಂಬ ಮಿತಿ ಅಲ್ಲಿಲ್ಲ. ಎರಡನೆಯದಾಗಿ, ಯುಕ್ತವೆಂಬ ವಿಶೇಷಣವು ಬಾಗಿಲನ್ನು ಸ್ವಲ್ಪ ತೆರೆದಿಟ್ಟಿದೆ. ಕನ್ನಡನಾಡಿನ ದಾನಶಾಸನಗಳಲ್ಲಿ ನಿಧಿ ನಿಕ್ಷೇಪ ಜಲ ಪಾಷಾಣಾದಿ ಅಷ್ಟಭೋಗಗಳನ್ನು ಬಿಡಿಸಿ ಹೇಳುವ ವಾಡಿಕೆಯು ವಿದ್ವಾಂಸರಿಗೆ ಪರಿಚಿತವೇ ಆಗಿದೆ. ಭೂಮಿಯೆಂದರೆ ಮೇಲಣ ಪದರವೊಂದೇ ಅಲ್ಲ, ಅಡಗಿದುದೂ ಸೇರಿ ಭೂಮಿಯೆಂಬ ಅಭಿಪ್ರಾಯವು ಆ ವಾಡಿಕೆಯಲ್ಲಿದೆ. ಕಹೊಒಲವೆಯ ನಿಕ್ಷೇಪವು ಸಿಡಿಯದೆ ಹೂತುಹೋದ ಗುಂಡು. ಅದನ್ನು ಎಷ್ಟು ಆಳದವರೆಗೆ ತೆಗೆಯಬೇಕೆಂಬುದನ್ನು 1953ರ ಬರೆಹವು ಹೇಳಲಿಲ್ಲ.

ಮುಂದಿನ ವರ್ಷಗಳಲ್ಲಿ ವಿಮಾನದ ಬಾಂಬುಗಳೂ ನೌಕೆಗಳ ಫಿರಂಗಿಗುಂಡುಗಳೂ ಈ ನೆಲದ ಮೇಲೆ ಬೀಳುತ್ತಲೇ ಇದ್ದುವು. 1965ರಲ್ಲಿ ನೌಕೆಗಳ ದಾರ್ಢ್ಯವನ್ನು ಪರೀಕ್ಷಿಸುವುದಕ್ಕಾಗಿ, ಪ್ರತಿಸಲವೂ 500 ಟನ್ ಸ್ಫೋಟಕವನ್ನು ರಾಶಿಹಾಕಿ, ಮೂರು ಸಲ ತೀರದಲ್ಲಿ ಸಿಡಿಸಿದರು. ಅದರಿಂದಾದ ಕುಳಿಯಲ್ಲಿ ಇಂದಿಗೂ ಉಪ್ಪುನೀರು ನಿಂತಿದೆ. 1976ರ ಜನವರಿಯಲ್ಲಿ ಒಂಬತ್ತು ಜನರು ನಿಷೇಧವನ್ನು ಮೀರಿ ದ್ವೀಪದಲ್ಲಿಳಿದರು. ಅಲೊಹಾ ಆಯಿನ, ಎಂದರೆ ಭೂಮಿಯ ಮೇಲಣ ಪ್ರೀತಿ, ಎಂಬ ಹಳೆಯ ಮಾತು ಈ ಚಳವಳಿಯ ಮಂತ್ರವಾಯಿತು. ಅದರ ಮುಖಂಡರಲ್ಲೊಬ್ಬನೂ ಗಾಯಕನೂ ಆದ ಜಾರ್ಜ್ ಹೆಲ್ಮನು ತನ್ನ ಸಂಗಡಿಗ ಕಿಮೊ ಮಿಚೆಲನೊಡನೆ 1977ರ ಮಾರ್ಚಿಯಲ್ಲಿ ದ್ವೀಪದಿಂದ ಮರಳುತ್ತ ಕಡಲಿನಲ್ಲಿ ಕಣ್ಮರೆಯಾದನು. 1980ರಲ್ಲಿ ನ್ಯಾಯಸ್ಥಾನದಲ್ಲಿ ಆದ ಒಪ್ಪಂದದಿಂದ ಪೂಜಾದಿಗಳಿಗೆ ಮಿತವಾದ ಪ್ರವೇಶವು ದೊರೆಯಿತು. 1981ರಲ್ಲಿ ಇಡೀ ದ್ವೀಪವು ರಾಷ್ಟ್ರೀಯ ಐತಿಹಾಸಿಕ ಸ್ಥಾನಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಸ್ಥಾನದ ಮೇಲೆಯೇ ಮತ್ತೆ ಒಂಬತ್ತು ವರ್ಷ ಗುಂಡುಗಳು ಬಿದ್ದುವು. 1990ರ ಅಕ್ಟೋಬರ್ 22ರಂದು ಅಧ್ಯಕ್ಷ ಬುಷ್ಷನ ಆಜ್ಞೆಯಿಂದ ಅಭ್ಯಾಸವು ನಿಂತಿತು.

1993ರ ನವೆಂಬರಿನಲ್ಲಿ ಸಂಯುಕ್ತಸಂಸ್ಥಾನದ ಶಾಸನಸಭೆಯು ಶುದ್ಧೀಕರಣಕ್ಕಾಗಿ 40 ಕೋಟಿ ಡಾಲರುಗಳ ನಿಧಿಗೂ ಹತ್ತು ವರ್ಷಗಳ ಅವಧಿಗೂ ಅನುಮತಿಯಿತ್ತಿತು. 1994ರ ಮೇ 7ರಂದು ಒಡೆತನವು ಹವಾಯಿ ರಾಜ್ಯಕ್ಕೆ ಬಂದಿತು. ಇಡೀ ದ್ವೀಪದ ಮೇಲ್ಮೈಯನ್ನೂ ನೂರಕ್ಕೆ 30 ಪಾಲಿನಷ್ಟು ನೆಲದ ಒಳಪದರವನ್ನೂ ಶುದ್ಧಿಮಾಡಬೇಕೆಂಬುದು ಆಗಿನ ಸಂಕಲ್ಪ.

ಕಾರ್ಯವು ಸುಲಭವಾಗಿರಲಿಲ್ಲ. ನೆಲವನ್ನು ಚೌಕಗಳಾಗಿ ವಿಭಾಗಿಸಿ, ಕೆಲಸಗಾರರು ಸಾಲಾಗಿ ನಡೆದು ಕಂಡುದನ್ನೆಲ್ಲ ಗುರುತಿಸುವರು. ಕದಲಿಸಲಾಗದ ಗುಂಡನ್ನು ಇದ್ದಲ್ಲಿಯೇ ಸಿಡಿಸುವರು. ನೆಲದೊಳಗಣ ಲೋಹವನ್ನು ಹುಡುಕುವುದಕ್ಕೆ ಅಯಸ್ಕಾಂತಶಕ್ತಿಯ ಯಂತ್ರಗಳುಂಟು. ಆದರೆ ಅಗ್ನಿಪರ್ವತದಿಂದಾದ ಇಲ್ಲಿಯ ಮಣ್ಣಿನಲ್ಲಿಯೇ ಕಬ್ಬಿಣದ ಅಂಶವು ವಿಶೇಷವಾಗಿರುವುದರಿಂದ, ಯಂತ್ರವು ಗುಂಡಿಗೂ ಕಲ್ಲಿಗೂ ಒಂದೇ ವಿಧವಾಗಿ ಉತ್ತರಕೊಡುವುದು. ಅಗೆದಲ್ಲಿ ಪ್ರಾಚೀನ ಅವಶೇಷಗಳು ಕೆಡದಂತೆ ನೋಡಿಕೊಳ್ಳಲು ಪುರಾತತ್ತ್ವಜ್ಞರೂ ಜೊತೆಯಲ್ಲಿರಬೇಕಾಗಿತ್ತು. ಸಾಲದುದಕ್ಕೆ ಪ್ರತಿಮಳೆಯೂ ಮಣ್ಣನ್ನು ಕೊಚ್ಚಿ ಹೊಸ ಗುಂಡುಗಳನ್ನು ಹೊರಗೆಡಹುತ್ತಿತ್ತು.

2003ರ ನವೆಂಬರಿನಲ್ಲಿ ಅವಧಿ ಮುಗಿಯಿತು. 2004ರಲ್ಲಿ ನೌಕಾಖಾತೆಯವರು ಹೊರಟುಹೋದರು. ಆ ವೇಳೆಗೆ ಮೇಲ್ಮೈ ಶುದ್ಧವಾದುದು ಸುಮಾರು ಮುಕ್ಕಾಲು ಭಾಗ. 4 ಅಡಿ ಆಳದವರೆಗೆ ಶುದ್ಧವಾದುದು ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಉಳಿದ ಕಾಲುಭಾಗವನ್ನೂ ಸುತ್ತಲಿನ ಕಡಲನ್ನೂ ಮುಟ್ಟಲಿಲ್ಲ. 2020ರ ಫೆಬ್ರವರಿಯಲ್ಲಿ ಕಾಳ್ಗಿಚ್ಚು ಹಬ್ಬಿ ದ್ವೀಪದ ಸುಮಾರು ಮೂರನೆಯ ಒಂದು ಭಾಗವನ್ನು ಸುಟ್ಟಾಗ, ಹೂತ ಗುಂಡುಗಳ ಭಯದಿಂದ ನಂದಿಸುವವರು ಹಿಂದೆಗೆಯಬೇಕಾಯಿತು.

ಆದುದರಿಂದ 1953ರ ಬರೆಹವನ್ನೂ 1993ರ ಬರೆಹವನ್ನೂ ಒಟ್ಟಿಗಿಟ್ಟು ಓದತಕ್ಕದ್ದು. ಮೊದಲನೆಯದರಲ್ಲಿ ಫಲದಿಂದ ಅಳೆಯಲ್ಪಟ್ಟ ಬಾಧ್ಯತೆಯು ಎರಡನೆಯದರಲ್ಲಿ ದ್ರವ್ಯದಿಂದಲೂ ಕಾಲದಿಂದಲೂ ಅಳೆಯಲ್ಪಟ್ಟಿತು. ವೆಚ್ಚವಾದ ಧನವು ಅಲ್ಪವಲ್ಲ, ದುಡಿದವರು ಅಪಾಯಕ್ಕೆ ಮೈಯೊಡ್ಡಿದರು ಎಂಬುದು ನಿಜ. ಆದರೂ ಹಣ ಮುಗಿದುದು ಬೇರೆ, ಋಣ ತೀರಿದುದು ಬೇರೆ. ಹವಾಯಿಯ ಶಾಸನವು ದ್ವೀಪದಲ್ಲಿ ವ್ಯಾಪಾರವನ್ನು ನಿಷೇಧಿಸಿ, ಮುಂದೆ ಮಾನ್ಯತೆ ಪಡೆಯುವ ಮೂಲನಿವಾಸಿಗಳ ಸಂಸ್ಥೆಗೆ ಒಪ್ಪಿಸುವುದಕ್ಕಾಗಿ ಅದನ್ನು ನ್ಯಾಸವಾಗಿ ಕಾಪಾಡುತ್ತಿದೆ. ಮಣ್ಣು ನಿಲ್ಲುವಂತೆ ಗಿಡಗಳನ್ನು ನೆಡುವ ಜನರು ಶುದ್ಧವಾದ ಜಾಗಗಳನ್ನೂ ಗುರುತಿಟ್ಟ ದಾರಿಗಳನ್ನೂ ಮಾತ್ರ ಅನುಸರಿಸಬೇಕು. 1982ರಿಂದ ಮಕಹಿಕಿ ಎಂಬ ಮಳೆಗಾಲದ ಉತ್ಸವವು ಅಲ್ಲಿ ಮತ್ತೆ ನಡೆಯುತ್ತಿದೆ. ದೇವತೆಯ ಹೆಸರಿನ ಆ ನೆಲಕ್ಕೆ ಪೂಜೆಯು ಮರಳಿದೆ; 1953ರ ಆಜ್ಞಾಪತ್ರವು ಹೇಳಿದ ಮನುಷ್ಯವಾಸವು ಇನ್ನೂ ಮರಳಿಲ್ಲ.