ತಟ್ಟಿಗೋಡೆಯ ಕೋಣೆ



1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ಹರಿದು ಬಂದ ವಿದ್ಯುತ್ತು ಕೋಲಾರ ಚಿನ್ನದ ಗಣಿಯ ಯಂತ್ರಗಳನ್ನು ನಡೆಸಿತು. ಅದಾಗಿ ಅರವತ್ತು ವರ್ಷ ಕಳೆದರೂ ಉರಿಗಾಂನ ನಮ್ಮ ಲೈನ್ ಮನೆಯಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆ ಬುಡ್ಡಿ. ಇದ್ದುದೊಂದೇ ಕೋಣೆ, ಗೋಡೆ ಬಿದಿರುತಟ್ಟಿಯದು. ಬೆಂಕಿಯ ಭಯಕ್ಕೆ ಅಮ್ಮ ತಟ್ಟಿಗೆ ದಪ್ಪನಾಗಿ ಮಣ್ಣು ಮೆತ್ತಿ, ಸುಣ್ಣ ಬಳಿದು, ದೀಪಕ್ಕೊಂದು ಗೂಡು ಮಾಡಿದ್ದರು. ಕೋಣೆಯೂ ಬೆಳಗಿತು, ನನ್ನ ಓದೂ ಸಾಗಿತು. (ಇಂಥ ಪಾಠ ನನ್ನ ಬಿ.ಎಡ್.ನಲ್ಲಿ ಇರಲಿಲ್ಲ!)

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಆದುದರಿಂದ ಹಿತ್ತಾಳೆ ಪಾತ್ರೆಗಳಿಗೆ ನೆಲವೇ ಜಾಗ, ಅದೂ ಮಕ್ಕಳು ಮಲಗುವ ಮೂಲೆಯಿಂದ ದೂರ. ಅವು ಗಲಗಲಿಸಿದ ರಾತ್ರಿ ಅಮ್ಮ ಮೊದಲು ದೀಪ ಆರಿಸುತ್ತಿದ್ದರು. ಅನಂತರ ಕತ್ತಲಲ್ಲೇ ಬಾಗಿಲ ಬಳಿ ಕುಳಿತು, ಪಾಳಿ ಮುಗಿಸಿ ಬರಬೇಕಾದ ಅಪ್ಪನ ಹೆಜ್ಜೆಸಪ್ಪಳಕ್ಕೆ ಕಿವಿಗೊಡುತ್ತಿದ್ದರು.