ಕೆಮ್ಮು ಎಷ್ಟು ದಿನದ್ದು?

ಗ್ರಂಥಿಗೆ ಅಂಗಡಿಗೆ ಚೀಟಿ ಹಿಡಿದು ಬರುವವರು ಕಡಿಮೆ, ಕೆಮ್ಮು ಹೊತ್ತು ಬರುವವರೇ ಜಾಸ್ತಿ. ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ ತಾತ ಇಟ್ಟ ಅಂಗಡಿಯ ಗಲ್ಲಾದಲ್ಲಿ ಈಗ ನಾನು ಕೂರುತ್ತೇನೆ. ಆಷಾಢದ ಗಾಳಿ ಶುರುವಾಯಿತೆಂದರೆ ಬೆಳಗ್ಗೆಯಿಂದ ಒಂದೇ ರಾಗ: "ಅಕ್ಕಾ, ಮಗೂಗೆ ಕಫ ಕಟ್ಟಿದೆ, ಎದೆ ಗೊರಗೊರ ಅಂತಿದೆ, ಏನಾದ್ರೂ ಕೊಡಿ." ಕೇಳುವವರ ಮನಸ್ಸಿನಲ್ಲಿ ಮನೆಮದ್ದು ಎಂದರೆ ಹಿತ್ತಲಲ್ಲಿ ಹುಟ್ಟಿದ್ದು, ಅಜ್ಜಿಯಿಂದ ಬಂದದ್ದು, ಹೆಚ್ಚುಕಡಿಮೆ ಬಿಟ್ಟಿ ಸಿಗುವುದು. ನಮ್ಮ ಅಂಗಡಿಯ ಮರದ ಖಾನೆಗಳನ್ನು ಒಂದೊಂದಾಗಿ ಎಳೆದು ನೋಡಿದರೆ ಬೇರೆಯೇ ಚರಿತ್ರೆ ಕಾಣುತ್ತದೆ.

ಜೇಷ್ಠಮಧುವನ್ನೇ ತೆಗೆದುಕೊಳ್ಳಿ. ಗಂಟಲು ಕೆರೆತಕ್ಕೆ ಒಂದು ತುಂಡು ಬಾಯಲ್ಲಿಟ್ಟುಕೊ ಎಂದು ಹೇಳದ ಮನೆಯಿಲ್ಲ. ಆದರೆ ಆ ಬೇರು ನಮ್ಮ ಹೊಲದ್ದಲ್ಲ, ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಬಂದದ್ದು. ತಾಲೀಸಪತ್ರೆ ಹಿಮಾಲಯದ್ದು. ಹಿಪ್ಪಲಿ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಇದೆ, ಈಶಾನ್ಯದ ಬೆಟ್ಟಗಳಿಂದಲೂ ಬರುತ್ತದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಪ್ಲಿನಿ ಹಿಪ್ಪಲಿ, ಮೆಣಸಿನ ಪೇಟೆ ಧಾರಣೆ ಬರೆದಿಟ್ಟಿದ್ದಾನೆ: ಒಂದು ಪೌಂಡ್ ಹಿಪ್ಪಲಿಗೆ 15 ದಿನಾರಿ, ಕಾಳುಮೆಣಸಿಗೆ 4. ಇವತ್ತು ಮಗುವಿಗೆ ಜೇನಿನಲ್ಲಿ ಕಲಸಿ ನೆಕ್ಕಿಸುವ ಪುಡಿ ಅಂದಿನ ಸಾಹುಕಾರರ ಸರಕು. ಮೈಸೂರು ಸೀಮೆಗೆ ಕಾಳುಮೆಣಸು ಬರುತ್ತಿದ್ದದ್ದು ಘಟ್ಟದ ಕಡೆಯಿಂದ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರು ಪೇಟೆಯ ವ್ಯಾಪಾರವನ್ನು ವಿಚಾರಿಸಿ ಬರೆದಾಗ, ಮಲೆನಾಡಿನ ನಗರ ಸೀಮೆಯಿಂದ ಇಳಿಯುವ ಅಡಿಕೆ, ಮೆಣಸು, ಗಂಧವನ್ನು ಮರೆಯದೆ ಸೇರಿಸಿದ. ಎತ್ತಿನ ಬೆನ್ನ ಮೇಲೆ ಬಂದ ಮೂಟೆಯಿಂದ ಒಂದು ಚಿಟಿಕೆ ಅಡುಗೆಮನೆಯ ಡಬ್ಬಿ ಸೇರುವ ಹೊತ್ತಿಗೆ ಅದು ಮನೆಯದ್ದಾಗಿಬಿಡುತ್ತಿತ್ತು.

ಹಿತ್ತಲಿನ ಪಾಲು ಇರಲಿಲ್ಲ ಅಂತಲ್ಲ. ದೊಡ್ಡಪತ್ರೆ, ತುಳಸಿ, ವೀಳ್ಯದೆಲೆ, ಹಸಿಶುಂಠಿಗೆ ಯಾರೂ ನಮ್ಮ ಅಂಗಡಿಗೆ ಬರುವುದಿಲ್ಲ. ಇವುಗಳಲ್ಲೆಲ್ಲ ಆಡುಸೋಗೆಯದು ಬೇರೆ ತೂಕ. ಬೇಲಿಗೆ ನೆಟ್ಟರೆ ದನ ಮುಟ್ಟದ ಕಹಿ ಗಿಡ. ಇದರ ಎಲೆಯನ್ನು ಹಸಿಯಾಗಿ ಎಷ್ಟು ಕುಟ್ಟಿ ಹಿಂಡಿದರೂ ರಸ ಸರಿಯಾಗಿ ಇಳಿಯುವುದಿಲ್ಲ. ಅಮ್ಮ ಏಳೆಂಟು ಬಲಿತ ಎಲೆ ಆರಿಸಿ, ನೀರಲ್ಲಿ ಜಾಲಿಸಿ, ಇಡ್ಲಿ ತಟ್ಟೆಯಲ್ಲಿಟ್ಟು ಹಬೆಯಲ್ಲಿ ಬಾಡಿಸುತ್ತಿದ್ದಳು. ಹಸಿರು ಕಂದಿ, ಎಲೆ ಒದ್ದೆ ಬಟ್ಟೆಯಂತೆ ಮೆತ್ತಗಾದ ಮೇಲೆ ತೆಳು ಪಂಚೆಯ ತುಂಡಿನಲ್ಲಿ ಸುತ್ತಿ ಬಿಸಿಯಿರುವಾಗಲೇ ಹಿಂಡಬೇಕು. ಆಗ ಒಂದೆರಡು ಚಮಚ ಗಾಢ ರಸ ಬೀಳುತ್ತದೆ. ಅದಕ್ಕೆ ಅಷ್ಟೇ ಜೇನುತುಪ್ಪ. ಸಂಸ್ಕೃತ ಗ್ರಂಥಗಳು ಎಲೆಯನ್ನು ಸುತ್ತಿ, ಮಣ್ಣು ಮೆತ್ತಿ, ಬೆಂಕಿಯಲ್ಲಿ ಬಾಡಿಸಿ ರಸ ತೆಗೆಯುವುದಕ್ಕೆ ಪುಟಪಾಕ ಎನ್ನುತ್ತವೆ. ಅಮ್ಮನಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಇದೇ ಎಲೆಯ ಒಳಗೇನಿದೆ ಎಂದು ಮೊದಲು ಹುಡುಕಿದ್ದೂ ನಮಗೆ ದೂರದ ಜಾಗದಲ್ಲಲ್ಲ. ಊಟಿಯಲ್ಲಿ ಸರ್ಕಾರದ ಕ್ವಿನೈನ್ ಕೆಲಸಕ್ಕಿದ್ದ ಡೇವಿಡ್ ಹೂಪರ್ ಎಂಬ ರಸಾಯನ ಶಾಸ್ತ್ರಜ್ಞ 1888ರಲ್ಲಿ ಆಡುಸೋಗೆಯ ಕಹಿ ಸಾರವನ್ನು ಬೇರ್ಪಡಿಸಿದ, ಅದೇ ವ್ಯಾಸಿಸಿನ್. ಅದರ ರಚನೆಯ ಜಾಡು ಹಿಡಿದು 1960ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದದ್ದು ಬ್ರೋಮ್‌ಹೆಕ್ಸಿನ್, ಕಫ ತೆಳುವಾಗಿಸುವ ಮದ್ದು. ಅದರ ತಮ್ಮ ಆಂಬ್ರಾಕ್ಸಾಲ್. ಇವೆರಡರಲ್ಲಿ ಒಂದಿಲ್ಲದ ಕಫದ ಸಿರಪ್ಪು ಮೆಡಿಕಲ್ ಸ್ಟೋರಿನಲ್ಲಿ ಹುಡುಕಿದರೂ ಸಿಗುವುದು ಅಪರೂಪ. "ಹಳ್ಳಿ ಔಷಧಿ ಬೇಡಮ್ಮ, ಸಿರಪ್ಪೇ ವಾಸಿ" ಎಂದು ಹೇಳಿ ಹೋಗುವವರಿಗೆ ನಾನು ಏನೂ ಹೇಳುವುದಿಲ್ಲ. ಬೇಲಿಯ ಗಿಡವೇ ಬಾಟಲಿಯಲ್ಲಿ ಬೇರೆ ವೇಷ ಹಾಕಿ ಕೂತಿದೆ.

ಪ್ರಮಾಣ ಕಲಿಸಿದ್ದು ಮಾತ್ರ ಗ್ರಂಥಗಳು. ಕನ್ನಡದಲ್ಲೇ ವೈದ್ಯ ಬರೆಯುವ ಪರಿಪಾಠ ಹಳೆಯದು: ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕೃತಿಯನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ತಂದ. ಜೈನನಾದ್ದರಿಂದ ಅವನ ಚಿಕಿತ್ಸೆಯಲ್ಲಿ ಮದ್ಯ, ಮಾಂಸಕ್ಕೆ ಜಾಗವಿಲ್ಲ. ನಮ್ಮ ಅಂಗಡಿಯಲ್ಲಿ ಕೆಮ್ಮಿಗೆ ಹೆಚ್ಚು ಹೋಗುವ ಸಿತೋಪಲಾದಿ ಚೂರ್ಣದ ಲೆಕ್ಕ ಇನ್ನೂ ಹಳೆಯದು. ಕಲ್ಲುಸಕ್ಕರೆ 16, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಪ್ರತಿ ಸಾಮಾನೂ ಹಿಂದಿನದರ ಅರ್ಧ, ಓದು ಬಾರದವರೂ ಮರೆಯಲಾರದ ಲೆಕ್ಕ. 1960ರ ಆಸುಪಾಸಿನಲ್ಲಿ ಮೆಟ್ರಿಕ್ ತೂಕ ಬಂದು ತೊಲ ಹೋದಾಗಲೂ ಈ ಚೂರ್ಣಕ್ಕೆ ಏನೂ ಆಗಲಿಲ್ಲ. ಯಾವ ಬಟ್ಟು ಹಾಕಿದರೂ ಅರ್ಧಕ್ಕೆ ಅರ್ಧವೇ.

ಮೈಸೂರಿನಲ್ಲಿ ಈ ವಿದ್ಯೆಗೆ ಶಾಲೆಯೂ ಬಂತು, ಕಾರ್ಖಾನೆಯೂ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಆಯುರ್ವೇದ ಕಾಲೇಜು ಶುರುವಾಯಿತು. 1913ರಲ್ಲಿ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದರು. ಕುಟ್ಟಿ, ಜರಡಿ ಹಿಡಿದು, ಡಬ್ಬಿಗೆ ತುಂಬಿದ ಔಷಧ ಸಿಗತೊಡಗಿದ ಮೇಲೆ ಒರಳಿನ ಕೆಲಸ ಇಳಿಯಿತು. ತಾತನ ಗಿರಾಕಿಗಳಲ್ಲಿ ಕಾಲೇಜಿನ ಹುಡುಗರೂ ಇದ್ದರಂತೆ. ಪುಸ್ತಕದಲ್ಲಿ ಓದಿದ ಕರ್ಕಟಶೃಂಗಿಯನ್ನು ಕಣ್ಣಲ್ಲಿ ನೋಡಲು ಬರುವುದು, ಮೂಸುವುದು, ಒಂದಾಣೆಯದ್ದೂ ಕೊಳ್ಳದೆ ಹೋಗುವುದು.

ಇಷ್ಟೆಲ್ಲ ಇದ್ದೂ ಎದೆಯ ಕಾಯಿಲೆ ಜನರನ್ನು ಕೊಲ್ಲುವುದು ನಿಲ್ಲಲಿಲ್ಲ. ಸಿತೋಪಲಾದಿ ಚೂರ್ಣ ಚರಕಸಂಹಿತೆಯಲ್ಲಿ ಬರುವುದು ರಾಜಯಕ್ಷ್ಮದ ಅಧ್ಯಾಯದಲ್ಲಿ, ಅಂದರೆ ನೆಗಡಿಗಲ್ಲ, ಕ್ಷಯಕ್ಕೆ. 1918ರ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಲ್ಲಿ ಇಳಿದು ರೈಲು ಹತ್ತಿ ದೇಶವೆಲ್ಲ ಸುತ್ತಿ ಕೋಟಿಗೂ ಮೀರಿ ಜನರನ್ನು ಒಯ್ದಾಗ ಕಷಾಯ ಕುಡಿಯದ ಮನೆ ಎಷ್ಟಿದ್ದೀತು? ಅರಮನೆಗೂ ವಿನಾಯಿತಿ ಸಿಗಲಿಲ್ಲ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಅವರ ಹೆಸರಿನಲ್ಲಿ ಎದ್ದ ಕ್ಷಯರೋಗ ಆಸ್ಪತ್ರೆಯನ್ನು ಮೈಸೂರಿನವರು ಈಗಲೂ ಪಿಕೆಟಿಬಿ ಎನ್ನುತ್ತಾರೆ. ಅಲ್ಲಿ ಸೇರಿಸಿದವರ ಕಡೆಯವರು ನಮ್ಮಂಗಡಿಗೆ ಆಡುಸೋಗೆ, ಹಿಪ್ಪಲಿ ಹುಡುಕಿ ಬರುತ್ತಿದ್ದರು. ಅವರ ಜೊತೆ ಮಾತಾಡಿ ಮಾತಾಡಿ ಅಪ್ಪನಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಯಾರೂ ಔಷಧ ಮಾಡದೆ ಕೂತವರಲ್ಲ, ತಿಂಗಳುಗಟ್ಟಲೆ ಕಷಾಯ ಕುಡಿಸುತ್ತಾ ಕೂತವರು.

ತಪ್ಪೆಲ್ಲ ಮನೆಮದ್ದಿನದೇ ಎಂದು ಹೇಳುವುದು ಸುಲಭ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತಲ್ಲ, ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ರೋಗಿಗಳನ್ನು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಬೇರೆಯೇ ಮಾತು. ಹಳ್ಳಿಯವರಿಗೆ ತಮ್ಮ ಕೆಮ್ಮು ಮಾಮೂಲಿನದಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಆಸ್ಪತ್ರೆ ಮೆಟ್ಟಿಲು ಹತ್ತಿಯೂ ಆಗಿತ್ತು. ಅವರಲ್ಲಿ ಬಹಳ ಜನರಿಗೆ ಅಲ್ಲಿ ಸಿಕ್ಕಿದ್ದು ಕಫ ಪರೀಕ್ಷೆಯಲ್ಲ, ಒಂದು ಬಾಟಲಿ ಕೆಮ್ಮಿನ ಮಿಕ್ಸ್ಚರು. ಅಜ್ಜಿ ಕೊಟ್ಟರೂ ಕಾಂಪೌಂಡರು ಕೊಟ್ಟರೂ ಕೆಮ್ಮನ್ನು ಅಡಗಿಸಿ ಕಾಲ ಕಳೆಯುವ ಮದ್ದಿನ ಗುಣ ಒಂದೇ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡದ್ದು ಈ ಸಂಸ್ಥೆಯ ಇಂಥ ಕೆಲಸದಿಂದಲೇ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಈಗ ಗೋಡೆಗೋಡೆಯ ಮೇಲೆ ಬರೆದಿರುತ್ತದೆ.

ಕಷಾಯಕ್ಕೆ ಮತ್ತೆ ಯೋಗ ಬಂದದ್ದು 2020ರಲ್ಲಿ. ಆಯುಷ್ ಸಚಿವಾಲಯ ತುಳಸಿ 4, ದಾಲ್ಚಿನ್ನಿ 2, ಶುಂಠಿ 2, ಕಾಳುಮೆಣಸು 1 ಭಾಗದ ಕಷಾಯ ಪ್ರಕಟಿಸಿತು. ನಮ್ಮಲ್ಲಿ ಶುಂಠಿ ಮೂಟೆ ಬಿಚ್ಚಿದಷ್ಟೇ ಬೇಗ ಖಾಲಿ. ಹೊತ್ತುಹೊತ್ತಿಗೂ ಕುಡಿದು ಬಾಯಿ ಹುಣ್ಣಾಗಿ, ಹೊಟ್ಟೆ ಉರಿದು, ಮತ್ತೆ ನಮ್ಮಲ್ಲಿಗೇ ಜೀರಿಗೆಗೆ ಬಂದವರುಂಟು. ಅಮೃತಬಳ್ಳಿಯ ಕಥೆ ಇನ್ನೂ ಗಂಭೀರ. ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇದ್ದೀತು ಎಂದಿತು. ಇಬ್ಬರಲ್ಲಿ ಯಾರು ಸರಿಯಾದರೂ ಅಂಗಡಿಯವಳಿಗೆ ಪಾಠ ಒಂದೇ: ಮಾಲು ಯಾವುದೆಂದು ನೋಡದೆ ತೂಗಬಾರದು. ಕಾಳುಮೆಣಸಿನಲ್ಲಿ ಪರಂಗಿ ಬೀಜ ಬೆರೆಸುವ ಪೇಟೆ ಇದು. ನೀರಿಗೆ ಹಾಕಿದರೆ ಒಳ್ಳೆಯ ಕಾಳು ಮುಳುಗುತ್ತದೆ, ಪರಂಗಿ ಬೀಜ ತೇಲುತ್ತದೆ.

ಮಾಮೂಲಿ ನೆಗಡಿ, ಗಂಟಲು ಕೆರೆತಕ್ಕೆ ಕಷಾಯದಿಂದ ಹಿತವಾಗುತ್ತದೆ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವಷ್ಟು ಹೊತ್ತು ಒಬ್ಬರು ಒಲೆ ಮುಂದೆ ನಿಂತು ನೋಡಿಕೊಳ್ಳುವುದರಿಂದಲೂ ಆಗುತ್ತದೆ. ಅದಕ್ಕಿಂತ ಹೆಚ್ಚಿನ ಭಾರವನ್ನು ಆ ಲೋಟದ ಮೇಲೆ ಹೊರಿಸಬಾರದು. ವರ್ಷ ತುಂಬದ ಮಗುವಿಗೆ ಎಂದರೆ ನಾನು ಜೇನುತುಪ್ಪದ ಬಾಟಲಿ ಮುಟ್ಟುವುದಿಲ್ಲ. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಪೊಟ್ಟಣವನ್ನೇ ಕಟ್ಟುವುದಿಲ್ಲ, ಆಟೋ ಹಿಡಿದು ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. ದೊಡ್ಡವರಾದರೆ ತಕ್ಕಡಿ ಎತ್ತುವ ಮೊದಲು ಅಪ್ಪ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳುತ್ತೇನೆ: ಕೆಮ್ಮು ಎಷ್ಟು ದಿನದ್ದು? ಹದಿನೈದು ದಾಟಿದೆ ಎಂದರೆ ಆವತ್ತಿನ ವ್ಯಾಪಾರ ಅಲ್ಲಿಗೆ ಮುಗಿಯಿತು. ಕೆಲವರು ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿಯೂ ಇದೇ ಪ್ರಶ್ನೆ ಕೇಳುವಂತಾದರೆ ನಮ್ಮ ಕಸುಬಿಗೆ ಮರ್ಯಾದೆ.